ಗೋ ಆಟದ ಗಾದೆಗಳು ನನ್ನ ಕೈಗೆ ಹತ್ತಿದ್ದು ಹೇಗೆ

ಗೋ ಅನ್ನೋ ಕರಿ-ಬಿಳಿ ಕಲ್ಲಿನ ಬೋರ್ಡ್ ಆಟ ಆಡೋಕೆ ಶುರು ಮಾಡಿದ ಯಾರಿಗಾದ್ರೂ ಒಂದಲ್ಲ ಒಂದು ದಿನ ಯಾರೋ ಪುಣ್ಯಾತ್ಮರು ಗಾದೆಗಳ ಪಟ್ಟಿ ಕಳಿಸೇ ಕಳಿಸ್ತಾರೆ. ಎರಡು ಕಲ್ಲಿನ ತಲೆ ಮೇಲೆ ಬಾಗು, ಖಾಲಿ ತ್ರಿಕೋನ ಕಟ್ಟಬೇಡ, ಒಂದು ಕಲ್ಲಿದ್ರೆ ಎರಡು ಮನೆ ಬಿಡು ಎರಡಿದ್ರೆ ಮೂರು ಬಿಡು, ಏಣಿ ಓದಕ್ಕೆ ಬರ್ದೋನು ಗೋ ಆಡಬಾರ್ದು, ಮೂಲೆ ಮೊದಲು ಆಮೇಲೆ ಬದಿ ಕೊನೆಗೆ ನಡು, ಹಿಂಗೆ ರಾಶಿ ರಾಶಿ. ನನಗೂ ಬಂತು. ಪ್ರಿಂಟ್ ತೆಗ್ದು ಫ್ರಿಜ್ ಬಾಗಿಲಿಗೆ ಅಂಟಿಸ್ಕೊಂಡೆ, ಹಾಲು ತೆಗೆಯೋವಾಗೆಲ್ಲ ಓದಿ ಓದಿ ಮಗ್ಗಿ ಥರ ಬಾಯಿಪಾಠ ಆಯ್ತು. ಆಟದಲ್ಲಿ ಮಾತ್ರ ಸೋಲು ಸೋಲೇ. ಇದು ಆ ಪಟ್ಟಿ ಬಾಯಿಂದ ಕೈಗೆ ಇಳಿದಿದ್ದು ಹೇಗೆ ಅನ್ನೋದರ ಬಗ್ಗೆ, ಪೂರ್ತಿ ಇಳಿದಿದೆ ಅಂತ ಅಲ್ಲ, ಒಂದಷ್ಟು ಇಳಿದಿದೆ.

ನಾನು ದಾವಣಗೆರೆ ಕಡೆಯವನು, ಕಂಪನಿ ಪ್ರಾಜೆಕ್ಟ್ ಅಂತ ಟೋಕಿಯೋಗೆ ಬಂದು ಇಲ್ಲೇ ಉಳ್ಕೊಂಡೆ. ರೂಮ್ ಹತ್ರದ ಸ್ಟೇಷನ್ ಪಕ್ಕ ಒಂದು ಹಳೇ ಬಿಲ್ಡಿಂಗು, ಕೆಳಗಡೆ ನೂಡಲ್ಸ್ ಅಂಗಡಿ, ಮೇಲ್ಗಡೆ ಗೋ ಆಡೋರು ಸೇರೋ ಜಾಗ. ಗೋಕೈಶೋ ಅಂತಾರೆ ಇವಕ್ಕೆ. ದಿನಕ್ಕೆ ಇಷ್ಟು ಅಂತ ದುಡ್ಡು ಕೊಟ್ರೆ ಎಷ್ಟೊತ್ತು ಬೇಕಾದ್ರೂ ಆಡ್ಬೋದು, ಟೀ ಅವರೇ ಕೊಡ್ತಾರೆ. ಇಂಥವು ಈಗ ಕಮ್ಮಿ ಆಗ್ತಾ ಇವೆ, ಹುಡುಗ್ರೆಲ್ಲ ಫೋನಲ್ಲೇ ಆಡ್ತಾರೆ, ಹಾಗಾಗಿ ಅಲ್ಲಿ ಬರೋರೆಲ್ಲ ರಿಟೈರ್ ಆದ ತಾತಂದಿರೇ, ನಾನು ಬಾಗಿಲು ತಳ್ಳಿದಾಗ ಇಡೀ ರೂಮು ಒಂದ್ಸಲ ತಿರುಗಿ ನೋಡ್ತು, ಆಮೇಲೆ ಎಲ್ರೂ ವಾಪಸ್ ಬೋರ್ಡ್ ಕಡೆ ತಿರುಗಿದ್ರು.

ಗೊತ್ತಿಲ್ದೇ ಇರೋರಿಗೆ ಚಿಕ್ಕದಾಗಿ ಹೇಳ್ಬಿಡ್ತೀನಿ. ಅಡ್ಡ 19 ಉದ್ದ 19 ಗೆರೆ, ಗೆರೆಗಳು ಸೇರೋ ಕಡೆ ಕಲ್ಲು ಇಡೋದು, ಒಟ್ಟು 361 ಜಾಗ. ಕರಿ ಮೊದಲು, ಆಮೇಲೆ ಬಿಳಿ, ಒಬ್ಬೊಬ್ರು ಒಂದೊಂದು. ಇಟ್ಟ ಕಲ್ಲು ಜರುಗಲ್ಲ. ಕಲ್ಲಿನ ಸುತ್ತ ತಾಗಿದಂಗೆ ಇರೋ ಖಾಲಿ ಜಾಗನ ಉಸಿರು ಅನ್ಕೊಳ್ಳಿ, ಎಲ್ಲಾ ಉಸಿರು ಮುಚ್ಚಿಬಿಟ್ರೆ ಕಲ್ಲು ಹೋಯ್ತು. ಗುಂಪು ಶಾಶ್ವತವಾಗಿ ಬದುಕಬೇಕು ಅಂದ್ರೆ ಒಳಗೆ ಎರಡು ಬೇರೆ ಬೇರೆ ಕಣ್ಣು, ಅಂದ್ರೆ ಸುತ್ತ ತನ್ನ ಕಲ್ಲೇ ಇರೋ ಖಾಲಿ ಜಾಗ, ಇರಬೇಕು. ಕೊನೆಗೆ ಯಾರು ಜಾಸ್ತಿ ಜಾಗ ಕಟ್ಕೊಂಡಿದಾರೋ ಅವರು ಗೆದ್ರು. ಕರಿಯೋರು ಮೊದಲು ಆಡೋದ್ರಿಂದ ಬಿಳಿಗೆ ಕೊಮಿ ಅಂತ ಪಾಯಿಂಟ್ ಕೊಡ್ತಾರೆ, ಜಪಾನಲ್ಲಿ 6.5, ಚೀನಾದಲ್ಲಿ 7.5. ರೂಲ್ಸ್ ಹೆಚ್ಚುಕಮ್ಮಿ ಇಷ್ಟೇ. ಇಷ್ಟೇ ಆಗಿರೋದ್ರಿಂದಲೇ ಗಾದೆಗಳು ಅಷ್ಟೊಂದು, ಯಾಕಂದ್ರೆ ರೂಲ್ಸ್ ಏನೂ ದಾರಿ ತೋರಿಸಲ್ಲ, ಖಾಲಿ ಬೋರ್ಡ್ ಮುಂದೆ ಕೂತ್ರೆ ಎಲ್ಲಿ ಬೇಕಾದ್ರೂ ಇಡ್ಬೋದು ಅನ್ಸುತ್ತೆ, ಅದಕ್ಕಿಂತ ದೊಡ್ಡ ತಲೆನೋವು ಇನ್ನೊಂದಿಲ್ಲ.

ಅಲ್ಲಿ ನನಗೆ ಸಿಕ್ಕಿದ್ದು ಒಬ್ರು ತಾತ, ಎಂಬತ್ತರ ಹತ್ರ ಇರಬೇಕು, ಹಿಂದೆ ಏನೋ ಪ್ರಿಂಟಿಂಗ್ ಕೆಲಸ ಮಾಡ್ತಿದ್ರಂತೆ. ನನಗೆ ಒಂಬತ್ತು ಕಲ್ಲು ಮುಂಚೆನೇ ಇಟ್ಕೊಳ್ಳೋಕೆ ಬಿಟ್ಟು ಅವರು ಬಿಳಿ ಹಿಡಿಯೋರು. ಒಂಬತ್ತು ಅಂದ್ರೆ ಬೋರ್ಡ್ ಮೇಲಿರೋ ಒಂಬತ್ತು ಚುಕ್ಕಿಗೂ ನನ್ನ ಕಲ್ಲೇ, ಆದ್ರೂ ಅರ್ಧ ಗಂಟೆಲಿ ನನ್ನ ಕಲ್ಲೆಲ್ಲ ಅವರ ಡಬ್ಬಿ ಮುಚ್ಚಳದಲ್ಲಿ ಇರೋದು. ಆಟ ಮುಗಿದ ಮೇಲೆ ಶುರುವಿಂದ ಒಂದೊಂದೇ ಕಲ್ಲು ವಾಪಸ್ ಇಟ್ಟು ತೋರಿಸೋರು, ಅಷ್ಟೂ ನಡೆ ಅವರಿಗೆ ನೆನಪಿರ್ತಿತ್ತು, ನನಗೆ ನನ್ನ ಹಿಂದಿನ ನಡೆನೇ ನೆನಪಿರ್ತಿರ್ಲಿಲ್ಲ. ಒಂದು ಕಡೆ ನಿಲ್ಸಿ "ಇಲ್ಲಿ ಯಾಕೆ ಇಟ್ರಿ?" ಅಂತ ಕೇಳೋರು. ನಾನು ಹೆಮ್ಮೆಯಿಂದ ಗಾದೆ ಹೇಳೋನು. "ಹೌದು, ಗಾದೆ ಇದೆ. ಆದ್ರೆ ಯಾಕೆ ಇಟ್ರಿ?" ಅಂತ ಮತ್ತೆ ಅದೇ ಪ್ರಶ್ನೆ. ಮೊದಮೊದಲು ನನ್ನ ಜಪಾನೀಸ್ ಅರ್ಥ ಆಗ್ತಿಲ್ವೇನೋ ಅನ್ಕೊಂಡಿದ್ದೆ.

ಮೊದಲು ಹಿಡ್ಕೊಂಡಿದ್ದು ಎರಡು ಕಲ್ಲಿನ ತಲೆ. ಜಪಾನೀಸಲ್ಲಿ ಆ ಗಾದೆ ಇನ್ನೂ ಖಡಕ್, ನೋಡೋದೂ ಬೇಡ ಕಣ್ಮುಚ್ಕೊಂಡು ಬಾಗು ಅನ್ನತ್ತೆ. ತಾತ ಬೋರ್ಡ್ ನಡುವೆ ಎರಡು ಕರಿ ಒಂದರ ಮೇಲೊಂದು ಇಟ್ರು, ಪಕ್ಕದಲ್ಲೇ ತಾಗಿಸಿ ಎರಡು ಬಿಳಿ. ಕರಿ ಜೋಡಿಗೆ ಉಸಿರು ಎಷ್ಟು ಅಂದ್ರು. ತಲೆ ಕಡೆ ಒಂದು, ಕಾಲ ಕಡೆ ಒಂದು, ಬಿಳಿ ಇಲ್ದಿರೋ ಬದಿಲಿ ಎರಡು, ನಾಲ್ಕು. ಈಗ ಅವರು ಕರಿ ತಲೆ ಮೇಲೆ ಒಂದು ಬಿಳಿ ಬಾಗಿಸಿ ಇಟ್ರು, ಅದನ್ನೇ ಹನೆ ಅನ್ನೋದು. ಉಸಿರು ಮೂರಾಯ್ತು. ಸರಿ, ನೀವು ಈಗ ಹೊರಗೆ ಬರಬೇಕು, ಬನ್ನಿ ಅಂದ್ರು. ನಾನು ಮೇಲಿನ ಕರಿ ಕಲ್ಲಿನ ಪಕ್ಕ ಬಯಲಿನ ಕಡೆಗೆ ಒಂದು ಇಟ್ಟೆ. ಮೂರು ಕಲ್ಲು ಇಂಗ್ಲಿಷ್ ಎಲ್ ಆಕಾರದಲ್ಲಿ ಕೂತ್ವು, ಒಳಮೂಲೆ ಖಾಲಿ. ತಾತ ಏನೂ ಹೇಳ್ಲಿಲ್ಲ, ಬೆರಳಲ್ಲಿ ಆ ಖಾಲಿ ಮೂಲೆ ಮುಟ್ಟಿ ತೋರ್ಸಿದ್ರು ಅಷ್ಟೆ. ಅದೇ ಖಾಲಿ ತ್ರಿಕೋನ! ಫ್ರಿಜ್ ಮೇಲಿನ ಪಟ್ಟಿಲಿ ಮೊದಲನೇ ಸಾಲು ಒಂದು ಗಾದೆ, ಎರಡನೇ ಸಾಲು ಇನ್ನೊಂದು ಗಾದೆ, ಇವೆರಡಕ್ಕೂ ಸಂಬಂಧ ಇದೆ ಅಂತ ನನಗೆ ಹೊಳೆದೇ ಇರ್ಲಿಲ್ಲ. ತಲೆ ಮೇಲೆ ಬಾಗೋದೇ ಎದುರಾಳಿಗೆ ಖಾಲಿ ತ್ರಿಕೋನ ಕಟ್ಟಿಸೋಕೆ.

ಖಾಲಿ ತ್ರಿಕೋನ ಯಾಕೆ ಕೆಟ್ಟದು ಅನ್ನೋದೂ ಎಣಿಸಿದ್ರೆ ಗೊತ್ತಾಗುತ್ತೆ. ಬಯಲಲ್ಲಿ ಮೂರು ಕಲ್ಲು ನೇರ ಸಾಲಾಗಿ ಇಟ್ರೆ ಎಂಟು ಉಸಿರು. ಅದೇ ಮೂರು ಕಲ್ಲು ಎಲ್ ಆಕಾರದಲ್ಲಿ ಇಟ್ರೆ ಏಳು. ಖರ್ಚು ಅಷ್ಟೇ, ಸಿಗೋದು ಒಂದು ಕಮ್ಮಿ. ಒಂದು ಉಸಿರು ಅಂದ್ರೆ ಏನು ಮಹಾ ಅನ್ಸುತ್ತೆ, ಆದ್ರೆ ಎರಡು ಗುಂಪು ಒಂದನ್ನೊಂದು ಮುಚ್ಚೋಕೆ ಓಡ್ತಿರೋವಾಗ ಆ ಒಂದು ಉಸಿರಲ್ಲೇ ಇಡೀ ಮೂಲೆ ಹೋಗುತ್ತೆ. ಆ ದಿನದಿಂದ ಯಾವ ಗಾದೆ ಕಂಡ್ರೂ ಮೊದಲು ಉಸಿರು ಎಣಿಸೋದು ಅಭ್ಯಾಸ ಆಯ್ತು, ಆಫೀಸ್ ಮೀಟಿಂಗಲ್ಲಿ ನೋಟ್ ಬುಕ್ಕಿನ ಚೌಕಗಳ ಮೇಲೂ ಚುಕ್ಕಿ ಇಟ್ಕೊಂಡು ಎಣಿಸ್ತಾ ಕೂರ್ತಿದ್ದೆ, ಮ್ಯಾನೇಜರ್ ಏನೋ ಸೀರಿಯಸ್ಸಾಗಿ ಬರ್ಕೊಳ್ತಿದಾನೆ ಅನ್ಕೊಂಡಿರ್ಬೇಕು.

ಇದಕ್ಕಿಂತ ನನಗೆ ಮಜಾ ಕೊಟ್ಟಿದ್ದು ಎರಡನೇ ಗೆರೆ ಗಾದೆ. ಆರು ಸಾಯುತ್ತೆ, ಎಂಟು ಬದುಕುತ್ತೆ. ಮೂಲೆಲಾದ್ರೆ ನಾಲ್ಕು ಸಾಯುತ್ತೆ, ಆರು ಬದುಕುತ್ತೆ. ಅಂಚಿಂದ ಎರಡನೇ ಗೆರೆ ಮೇಲೆ ನಮ್ಮ ಕಲ್ಲುಗಳು ಸಾಲಾಗಿ ತೆವಳ್ಕೊಂಡು ಹೋಗಿವೆ, ಮೇಲೆ ಎರಡೂ ತುದಿಲಿ ಎದುರಾಳಿ ಮುಚ್ಚಿದಾನೆ, ಬದುಕೋಕೆ ಕೆಳಗಿರೋ ಮೊದಲನೇ ಗೆರೆ ಒಂದೇ ಜಾಗ. ಈ ನಂಬರ್‌ಗಳು ನನಗೆ ಯಾವಾಗ್ಲೂ ಅದಲುಬದಲು ಆಗೋವು, ಆರಾ ಏಳಾ, ಮೂಲೆಲಾ ಬದಿಲಾ. ಒಂದು ಭಾನುವಾರ ಮಳೆ, ಹೊರಗೆ ಹೋಗೋಕಾಗ್ಲಿಲ್ಲ, ಸುಮ್ನೆ ಕೂತು ನಾನೇ ಲೆಕ್ಕ ಹಾಕಿದೆ.

ಗೊತ್ತಿರಬೇಕಾದ್ದು ಎರಡೇ ವಿಷಯ. ಒಳಗೆ ಒಂದೇ ಸಾಲಲ್ಲಿ ನಾಲ್ಕು ಖಾಲಿ ಜಾಗ ಇದ್ರೆ ಬದುಕಿದಂಗೆ, ಯಾಕಂದ್ರೆ ನಡುವಿನ ಎರಡರಲ್ಲಿ ಅವನು ಒಂದು ಹಿಡಿದ್ರೆ ನಾನು ಇನ್ನೊಂದು ಹಿಡೀತೀನಿ, ಎರಡು ಕಣ್ಣು ಗ್ಯಾರಂಟಿ. ಮೂರೇ ಇದ್ರೆ ನಡುವಿನದನ್ನ ಯಾರು ಮೊದಲು ಹಿಡೀತಾರೋ ಅವರದ್ದು. ಈಗ ಎಂಟು ಕಲ್ಲು ತಗೊಳ್ಳಿ, ಆಡೋ ಸರದಿ ಅವನದ್ದೇ ಅಂತಿಟ್ಕೊಳ್ಳಿ. ಅವನು ಒಂದು ತುದಿಲಿ ಕೆಳಗೆ ನುಗ್ತಾನೆ, ನಾನು ಅಡ್ಡ ಹಾಕ್ತೀನಿ, ಅಲ್ಲಿಗೆ ಎರಡು ಜಾಗ ಹೋಯ್ತು. ಇನ್ನೊಂದು ತುದಿಲೂ ಹಂಗೇ, ಇನ್ನೆರಡು ಹೋಯ್ತು. ಎಂಟರಲ್ಲಿ ನಾಲ್ಕು ಕಳೆದ್ರೆ ನಾಲ್ಕು, ಬದುಕಿದೆ. ಅದಕ್ಕೇ ಎಂಟಿದ್ರೆ ಸುಮ್ನಿದ್ದು ಬೇರೆ ಕಡೆ ಆಡ್ಬೋದು. ಆರು ಕಲ್ಲು, ಸರದಿ ನನ್ನದೇ ಇರ್ಲಿ. ನಾನು ಒಂದು ತುದಿ ಕೆಳಗಿಳಿದು ಮುಚ್ಚಿದೆ, ಒಂದು ಜಾಗ ನನ್ನ ಕಲ್ಲೇ ತಿಂತು. ಆ ಕಡೆ ಅವನು ನುಗ್ಗಿ ನಾನು ಅಡ್ಡ ಹಾಕಿ ಎರಡು ಹೋಯ್ತು. ಉಳಿದಿದ್ದು ಮೂರು, ಸರದಿ ಅವನದ್ದು, ನಡುವೆ ಇಟ್ಟ, ಮುಗೀತು ಕಥೆ. ಏಳಿದ್ರೆ? ನಾನು ಮೊದಲು ಆಡಿದ್ರೆ ನಾಲ್ಕು ಉಳಿಯುತ್ತೆ, ಬದುಕು. ಅವನು ಮೊದಲು ಆಡಿದ್ರೆ ಮೂರು, ಸಾವು. ಅಂದ್ರೆ ಗಾದೆ ಬಾಯ್ಬಿಟ್ಟು ಹೇಳದೇ ಇರೋ ಏಳೇ ನಿಜವಾದ ಆಟ, ಅಲ್ಲಿ ಮಾತ್ರ ತಕ್ಷಣ ಒಂದು ಕಲ್ಲು ಖರ್ಚು ಮಾಡ್ಬೇಕು. ಇದು ಗೊತ್ತಾದ ಮೇಲೆ ಆ ಸಾಲನ್ನ ಪಟ್ಟಿಲಿ ಪೆನ್ನಲ್ಲಿ ಹೊಡೆದು ಹಾಕಿದೆ, ನೆನಪಿಟ್ಕೊಳ್ಳೋದು ಏನೂ ಇಲ್ಲ ಅಂತ.

ಮುಂದಿನ ವಾರ ಇದನ್ನ ತಾತಂಗೆ ಇಟ್ಟು ತೋರಿಸಿದ್ದಕ್ಕೆ ಮೊದಲನೇ ಸಲ ಅವರು ಎರಡು ಕಪ್ ಕಾಫಿ ತರ್ಸಿದ್ರು. ಮಷೀನ್ ಕಾಫಿ, ನಮ್ಮ ಫಿಲ್ಟರ್ ಕಾಫಿ ಕುಡಿದ ಬಾಯಿಗೆ ರುಚಿ ಏನಿಲ್ಲ, ಆದ್ರೂ ಕುಡಿದೆ.

ಆದ್ರೆ ಎಲ್ಲಾ ಗಾದೆನೂ ಹಿಂಗೆ ಲೆಕ್ಕಕ್ಕೆ ಸಿಗಲ್ಲ. ಒಂದರಿಂದ ಎರಡು, ಎರಡರಿಂದ ಮೂರು ಅನ್ನೋದು ಬೇರೆ ಜಾತಿ. ಮೂರನೇ ಗೆರೆ ಮೇಲೆ ಒಂಟಿ ಕಲ್ಲಿದ್ರೆ ಬದಿಗುಂಟ ಎರಡು ಮನೆ ಬಿಟ್ಟು ಇನ್ನೊಂದು ಇಡು, ನಡುವೆ ಅವನು ನುಗ್ಗಿ ಕತ್ತರಿಸೋಕೆ ಕಷ್ಟ, ಕಾಲೂರೋಕೆ ಜಾಗ ಸಿಗುತ್ತೆ. ಎರಡು ಕಲ್ಲಿನ ಗೋಡೆ ಇದ್ರೆ ಮೂರು ಮನೆ ಬಿಡು, ಗೋಡೆ ಎತ್ತರ ಇದ್ದಷ್ಟು ದೂರ ಹೋಗ್ಬೋದು. ಸರಿಯಾಗೇ ಇದೆ. ನಾನು ಇದನ್ನ ನಿಷ್ಠೆಯಿಂದ ಪಾಲಿಸಿ ಎರಡು ಮನೆ ಬಿಟ್ಟು ಇಟ್ಟ ಕಲ್ಲು ಎಷ್ಟೋ ಸಲ ತಾತನ ದಪ್ಪ ಗೋಡೆ ಬುಡಕ್ಕೇ ಹೋಗಿ ನಿಂತಿರ್ತಿತ್ತು. ದಪ್ಪ ಗೋಡೆ ಹತ್ರ ಹೋಗ್ಬೇಡ ಅಂತಾನೂ ಗಾದೆ ಇದೆ ಅಲ್ವಾ! ಹಾಗಾದ್ರೆ ಯಾವುದನ್ನ ಕೇಳೋದು? ಅದೇ ಪಟ್ಟಿಲಿ ನಾಲ್ಕೂ ಮೂಲೆ ಕಳ್ಕೊಂಡ್ರೆ ಆಟ ಬಿಡು ಅಂತಲೂ ಇದೆ, ಎರಡು ಸಾಲು ಬಿಟ್ಟು ನಾಲ್ಕೂ ಮೂಲೆ ನಿನಗೇ ಸಿಕ್ಕಿದ್ರೂ ಆಟ ಬಿಡು ಅಂತಲೂ ಇದೆ. ಇದನ್ನ ಬರೆದೋರು ಕುಡಿದಿದ್ರಾ ಅಂತ ಕೇಳಿದ್ದಕ್ಕೆ ತಾತ ಜೋರಾಗಿ ನಕ್ಕು ಪಕ್ಕದ ಟೇಬಲ್‌ನೋರಿಗೂ ಹೇಳಿದ್ರು.

ಆಮೇಲೆ ಅವರು ಹೇಳಿದ್ದು ಇನ್ನೂ ತಲೆಲಿದೆ. ಗಾದೆ ಯಾವ ಪ್ರಶ್ನೆಗೆ ಉತ್ತರ ಅಂತ ಮೊದಲು ನೋಡಿ ಅಂದ್ರು. ಎರಡು ಮನೆ ಬಿಡೋದು 'ಈ ಕಲ್ಲು ಬದುಕೋದು ಹೇಗೆ' ಅನ್ನೋದಕ್ಕೆ ಉತ್ತರ. ಗೋಡೆಯಿಂದ ದೂರ ಇರೋದು 'ಹೊಸ ಕಲ್ಲು ಎಲ್ಲಿ ಇಡ್ಲಿ' ಅನ್ನೋದಕ್ಕೆ ಉತ್ತರ. ನನ್ನ ಕಲ್ಲು ಆಗ್ಲೇ ಒದ್ದಾಡ್ತಿದ್ರೆ ಗೋಡೆ ಹತ್ರನೇ ಆದ್ರೂ ಹೋಗಿ ಕಾಲೂರಬೇಕು, ಒದ್ದಾಡ್ತಿಲ್ಲ ಅಂದ್ರೆ ಆ ಕಡೆ ತಲೆನೇ ಹಾಕ್ಬಾರ್ದು. ದೊಡ್ಡ ಜಾಗಕ್ಕಿಂತ ಅರ್ಜೆಂಟ್ ಜಾಗ ಮೊದಲು ಅನ್ನೋ ಗಾದೆ ಇದೆಯಲ್ಲ, ಅದು ಈ ಎಲ್ಲಾ ಗಾದೆಗಳ ಮೇಲೆ ಕೂತಿರೋ ಗಾದೆ, ಯಾವಾಗ ಯಾವುದನ್ನ ತೆಗೀಬೇಕು ಅಂತ ಹೇಳೋದು ಅದೇ. ಅದೊಂದು ಮಾತ್ರ ಲೆಕ್ಕ ಹಾಕಿ ಕಲಿಯೋಕಾಗಲ್ಲ, ಯಾವ ಗುಂಪು ಒದ್ದಾಡ್ತಿದೆ ಅಂತ ಕಣ್ಣಿಗೆ ಕಾಣಬೇಕು, ಅದಕ್ಕೆ ಒಂದಷ್ಟು ಗುಂಪು ಸಾಯಲೇಬೇಕು.

ನಾಯಿಪಾಡು ಪಟ್ಟಿದ್ದು ಇಣುಕು ಗಾದೆ ಜೊತೆ. ಎರಡು ಕಲ್ಲಿನ ಸಂದಿಗೆ ಎದುರಾಳಿ ಇಣುಕಿದ್ರೆ, ಅಂದ್ರೆ ಮುಂದಿನ ನಡೆಲಿ ಕತ್ತರಿಸ್ತೀನಿ ಅಂತ ಹೆದರಿಸಿದ್ರೆ, ದಡ್ಡನೂ ಕೂಡಿಸ್ತಾನೆ ಅಂತ ಗಾದೆ, ಅಂದ್ರೆ ಕೂಡಿಸದೇ ಇರೋ ಅಷ್ಟು ದಡ್ಡ ಯಾರೂ ಇಲ್ಲ ಅಂತ. ತಾತ ಇಣುಕೋರು, ನಾನು ಪಟ್ ಅಂತ ಕೂಡಿಸೋನು. ಇನ್ನೊಂದು ಕಡೆ ಇಣುಕೋರು, ಮತ್ತೆ ಕೂಡಿಸೋನು. ಹಿಂಗೆ ನಾಲ್ಕೈದು ಸಲ ಆದ್ಮೇಲೆ ನೋಡಿದ್ರೆ ನನ್ನದು ಒಂದು ದಪ್ಪನೆ ಕಲ್ಲಿನ ಮುದ್ದೆ, ಕಣ್ಣು ಇಲ್ಲ, ಸುತ್ತ ಅವರ ಇಣುಕಿದ ಕಲ್ಲುಗಳೆಲ್ಲ ಸೇರಿ ಬೇಲಿ. ಗಾದೆ ಪ್ರಕಾರನೇ ಆಡಿದೀನಿ ಸ್ವಾಮಿ! ಆಗ ಪಕ್ಕದಲ್ಲಿ ನಿಂತು ನೋಡ್ತಿದ್ದ ಇನ್ನೊಬ್ಬ ತಾತ, ಆಟ ಮುಗಿಯೋ ತನಕ ಬಾಯಿ ಬಿಡದೇ ತಡ್ಕೊಂಡಿದ್ದವರು, ಮೂರನೇ ಸಲ ಇಣುಕಿದಾಗ ಕೂಡಿಸೋ ಮುಂಚೆ ಅವರ ಕಲ್ಲಿಗೇ ಮೇಲಿಂದ ಒತ್ತಬೇಕಿತ್ತು, ಕತ್ತರಿಸಿದ್ರೆ ಕತ್ತರಿಸ್ಲಿ ಬಿಡಿ ಅಂದ್ರು. ನೋಡ್ತಾ ನಿಂತೋನಿಗೆ ಎಂಟು ಪಾಯಿಂಟ್ ಜಾಸ್ತಿ ಕಾಣುತ್ತೆ ಅಂತ ಜಪಾನಲ್ಲಿ ಒಂದು ಮಾತಿದೆ, ಗೋ ಆಡದೇ ಇರೋರೂ ಬಳಸ್ತಾರೆ, ನಮ್ಮ ಆಫೀಸಲ್ಲಿ ಕೋಡ್ ರಿವ್ಯೂ ಮಾಡುವಾಗ ಒಬ್ರು ಹೇಳಿದ್ರು ಒಂದ್ಸಲ. ಇನ್ನೊಂದು ಮಾತಿದೆ, ಆಡಕ್ಕೆ ಬರ್ದೋನು ಯೋಚ್ನೆ ಮಾಡೋದೂ ರೆಸ್ಟ್ ತಗೊಳ್ಳೋದೂ ಒಂದೇ ಅಂತ. ನಾನು ತುಂಬಾ ಹೊತ್ತು ತಲೆ ಕೆರ್ಕೊಂಡು ಕೂತ್ರೆ ಇದನ್ನ ಯಾರಾದ್ರೂ ಒಬ್ರು ಹೇಳೇ ಹೇಳ್ತಿದ್ರು.

ಏಣಿ ಬಗ್ಗೆ ಜಾಸ್ತಿ ಹೇಳೋಕೆ ಏನಿಲ್ಲ. ಅತಾರಿ, ಅಂದ್ರೆ ಒಂದೇ ಉಸಿರು ಉಳಿಯೋ ಹಂಗೆ ಮಾಡೋ ನಡೆ, ಕೊಡ್ತಾ ಕೊಡ್ತಾ ಕಲ್ಲನ್ನ ಅಂಕುಡೊಂಕಾಗಿ ಅಂಚಿನವರೆಗೂ ಓಡ್ಸೋದು, ದಾರಿಲಿ ಅವನ ಒಂದು ಕಲ್ಲಿದ್ರೆ ಎಲ್ಲಾ ಉಲ್ಟಾ. ಬೋರ್ಡ್ ಉದ್ದಕ್ಕೂ ಕಣ್ಣಲ್ಲೇ ಓಡ್ಸಿ ನೋಡ್ಬೇಕು, ಅದಕ್ಕೆ ಶಾರ್ಟ್‌ಕಟ್ ಇಲ್ಲ, ಆಯ್ತು.

ಇನ್ನು ಕಂಪ್ಯೂಟರ್ ವಿಷಯ. 2016ರ ಮಾರ್ಚಲ್ಲಿ ಕೊರಿಯಾದ ಸಿಯೋಲ್‌ನಲ್ಲಿ ಆಲ್ಫಾಗೋ ಅನ್ನೋ ಗೋ ಆಡೋ ಪ್ರೋಗ್ರಾಮ್ ಅಲ್ಲಿನ ದೊಡ್ಡ ಆಟಗಾರ ಲೀ ಸೆಡೋಲ್‌ನ 4-1ರಲ್ಲಿ ಸೋಲಿಸ್ತಲ್ಲ, ಅದರ ಎರಡನೇ ಆಟದ 37ನೇ ನಡೆ ಬಗ್ಗೆ ನೀವೂ ಓದಿರ್ಬೋದು. ನಾಲ್ಕನೇ ಗೆರೆ ಮೇಲಿದ್ದ ಕಲ್ಲಿನ ಭುಜಕ್ಕೆ, ಅಂದ್ರೆ ಓರೆಯಾಗಿ ಮೇಲೆ, ಐದನೇ ಗೆರೆಯಿಂದ ಇಟ್ಟಿದ್ದು. ಮೂರನೇ ಗೆರೆ ಜಾಗ ಕಟ್ಟೋಕೆ, ನಾಲ್ಕನೇದು ನಡುವಿನ ಮೇಲೆ ಹಿಡಿತಕ್ಕೆ, ಐದರಿಂದ ಒತ್ತಿದ್ರೆ ಅವನಿಗೆ ನಾಲ್ಕನೇ ಗೆರೆಲಿ ಪುಕ್ಸಟ್ಟೆ ಜಾಗ ಕೊಟ್ಟಂಗೆ ಅಂತಾನೇ ಎಲ್ಲಾ ಕಲಿತಿದ್ದು. ತಾತ ಅದನ್ನ ಮೊದಲು ನೋಡಿದಾಗ ಯಾರೋ ಕಲ್ಲು ತಪ್ಪು ಜಾಗಕ್ಕೆ ಇಟ್ಟಿದಾರೆ ಅನ್ಕೊಂಡ್ರಂತೆ.

ನನಗೆ ಅದಕ್ಕಿಂತ ನೇರವಾಗಿ ತಾಗಿದ್ದು ಮೂರು-ಮೂರರ ವಿಷಯ. ಮೂಲೆ ಚುಕ್ಕಿ ಮೇಲೆ ಎದುರಾಳಿ ಕಲ್ಲಿದ್ರೆ ಅದರ ಕೆಳಗೆ ಮೂರನೇ ಗೆರೆ ಮೂರನೇ ಗೆರೆ ಸೇರೋ ಕಡೆ ನುಗ್ಗಿ ಮೂಲೆ ಕಿತ್ಕೊಳ್ಬೋದು. ಆದ್ರೆ ಆಟದ ಶುರುಲೇ ಹಂಗೆ ನುಗ್ಗಬಾರ್ದು, ಚಿಕ್ಕ ಮೂಲೆಗೋಸ್ಕರ ಹೊರಗಡೆ ದೊಡ್ಡ ಗೋಡೆ ಕಟ್ಟಿಸ್ಕೊಟ್ಟಂಗೆ ಅಂತ ಹಳಬರ ಪಾಠ. 2016ರ ಕೊನೆಗೂ 2017ರ ಶುರುಗೂ ಆಲ್ಫಾಗೋ ಮಾಸ್ಟರ್ ಅನ್ನೋ ಹೆಸರಲ್ಲಿ ನೆಟ್‌ನಲ್ಲಿ ದೊಡ್ಡ ದೊಡ್ಡ ಪ್ರೊಫೆಶನಲ್ಸ್ ಜೊತೆ ಆಡಿ 60 ಆಟ ಗೆದ್ದಿತಲ್ಲ, ಆ ಕಾಲದಿಂದ ಶುರುಲೇ ಮೂರು-ಮೂರಕ್ಕೆ ನುಗ್ಗೋದು ಎಲ್ಲಾ ಕಡೆ ಬಂತು, ಈಗ ಪ್ರೊಫೆಶನಲ್ ಆಟಗಳಲ್ಲಿ ಮಾಮೂಲು. ನಾನು ರಾತ್ರಿ ಲ್ಯಾಪ್‌ಟಾಪಲ್ಲಿ ಕಾಟಾಗೋ ಹಾಕ್ಕೊಂಡು, ಅದು ಫ್ರೀ ಸಾಫ್ಟ್‌ವೇರ್, ತಾತನ ಜೊತೆ ಆಡಿದ ಆಟನ ಮತ್ತೆ ಇಟ್ಟು ನೋಡ್ದಾಗ ಅದೂ ಅದನ್ನೇ ತೋರಿಸ್ತಿತ್ತು. ಮಾರನೇ ವಾರ ಕುಶಿಯಿಂದ ಹೋಗಿ, ಮುಂಚೆ ಕಲ್ಲು ಇಟ್ಕೊಳ್ಳದೇ ಒಂದು ಸಮ ಆಟ ಆಡೋಣ ಅಂದು, ನಾಲ್ಕನೇ ನಡೆಗೇ ನುಗ್ಗಿದೆ. ತಾತ ಗೋಡೆ ಕಟ್ಟಿದ್ರು. ನಾನು ಮೂಲೆ ಹಿಡಿದೆ. ಆಮೇಲೆ ಆ ಗೋಡೆ ಇಟ್ಕೊಂಡು ನನ್ನ ಉಳಿದ ಕಲ್ಲುಗಳನ್ನೆಲ್ಲ ಸಂಜೆ ತನಕ ಅಟ್ಟಾಡ್ಸಿದ್ರು.

ಕೂತು ನೋಡ್ದಾಗ ಗೊತ್ತಾಗಿದ್ದು ಏನಂದ್ರೆ ಕಂಪ್ಯೂಟರ್ ನುಗ್ಗಿದ ಮೇಲೆ ಎರಡನೇ ಗೆರೆಲಿ ಬಾಗಿ ಕೂಡಿಸೋ ನಡೆಗಳನ್ನ ಆಡೋದೇ ಇಲ್ಲ, ಹಳೇ ಜೋಸೆಕಿಲಿ, ಅಂದ್ರೆ ಮೂಲೆಲಿ ಆಡೋ ಸಿದ್ಧ ನಡೆಗಳ ಸರಣಿಲಿ, ಆಡ್ತಿದ್ರು, ಅದರಿಂದ ಹೊರಗಿನ ಗೋಡೆ ಇನ್ನೂ ಗಟ್ಟಿ ಆಗೋದು. ಇದು ಅದನ್ನ ಬಿಟ್ಟು, ಮೂಲೆ ಬದುಕಿದ ತಕ್ಷಣ ಸೆಂತೆ ಹಿಡ್ಕೊಂಡು, ಅಂದ್ರೆ ಆಡೋ ಸರದಿ ತನ್ನದಾಗಿಸ್ಕೊಂಡು, ಬೇರೆ ಕಡೆ ಓಡುತ್ತೆ. ಗೋಡೆಲಿ ತೂತು ಹಂಗೇ ಉಳಿಯುತ್ತೆ. ಅಂದ್ರೆ ದಪ್ಪ ಗೋಡೆ ಕಟ್ಟಿಸ್ಬೇಡ ಅನ್ನೋ ಗಾದೆ ಸುಳ್ಳಾಗಿಲ್ಲ, ಆ ಗೋಡೆ ನಾವು ಅನ್ಕೊಂಡಷ್ಟು ದಪ್ಪ ಅಲ್ಲ ಅಂತಷ್ಟೇ ಕಂಪ್ಯೂಟರ್ ತೋರಿಸಿದ್ದು. ಎಐ ಬಂದ್ಮೇಲೆ ಗಾದೆಗಳೆಲ್ಲ ಕಸ ಅಂತ ಹೇಳೋರು ತುಂಬಾ ಜನ ಇದಾರೆ, ನನಗೆ ಹಂಗನ್ಸಲ್ಲ. ಖಾಲಿ ತ್ರಿಕೋನದ ಉಸಿರು ಈಗ್ಲೂ ಏಳೇ, ಎರಡನೇ ಗೆರೆ ಆರು ಕಲ್ಲು ಈಗ್ಲೂ ಸಾಯುತ್ತೆ. ಅಲುಗಾಡಿದ್ದು ಬೆಲೆ ಕಟ್ಟೋ ಗಾದೆಗಳು ಮಾತ್ರ, ಒಂದು ಕಲ್ಲು ಹಿಡಿದು ನಾಲ್ಕು ಕಲ್ಲಿನ ಹೂವು ಮಾಡಿದ್ರೆ ಮೂವತ್ತು ಪಾಯಿಂಟು ಅಂತಾರಲ್ಲ, ಅಂಥವು.

ಈಗ ಬೆಂಗಳೂರಲ್ಲಿರೋ ನನ್ನ ಫ್ರೆಂಡ್ ಒಬ್ಬ ಕಲೀತಿದಾನೆ, ಆನ್‌ಲೈನಲ್ಲಿ ನನ್ನ ಜೊತೆ ಆಡ್ತಾನೆ. ಅವನಿಗೆ ರಾತ್ರಿ 8 ಅಂದ್ರೆ ನನಗೆ 11:30, ಹಾಗಾಗಿ ಶನಿವಾರ ಮಾತ್ರ. ಶುರುಲೇ "ಮಗಾ ಆ ಗಾದೆ ಪಟ್ಟಿ ಕಳ್ಸೋ" ಅಂದ. ಕಳಿಸಿಲ್ಲ. ಒಂದು ಸಲಕ್ಕೆ ಒಂದೇ, ಅದೂ ಆಟದಲ್ಲಿ ಅವನ ಗುಂಪು ಸಿಕ್ಕಾಕ್ಕೊಂಡಾಗ ಮಾತ್ರ ಹೇಳ್ತೀನಿ, ಹೇಳಿ ಉಸಿರು ಎಣಿಸು ಅಂತೀನಿ. ತುಂಬಾ ಬೈಕೊಳ್ತಾನೆ. ಹೋದ ತಿಂಗಳು ಎರಡನೇ ಗೆರೆಲಿ ಏಳು ಕಲ್ಲು ತೆವಳಿ ನಿಲ್ಸಿ ಬೇರೆ ಕಡೆ ಹೋದ, ನಾನು ಕೊಂದೆ, ಫೋನ್ ಮಾಡಿ ಇದು ಬದುಕಿರ್ಲಿಲ್ವಾ ಅಂತ ಜಗಳ. ಅರ್ಧ ಗಂಟೆ ಆದ್ಮೇಲೆ ಅವನೇ ಮೆಸೇಜ್ ಹಾಕಿದ, ಒಂದು ಕಲ್ಲು ಕೆಳಗೆ ಇಳಿಸಿದ್ರೆ ಸಾಕಿತ್ತು ಅಂತ.

ನನ್ನ ವಿಷಯಕ್ಕೆ ಬಂದ್ರೆ ತಾತ ಈಗ ನನಗೆ ಒಂಬತ್ತರ ಬದಲು ಐದು ಕಲ್ಲು ಕೊಡ್ತಾರೆ. ಚೀನಾದಲ್ಲಿ ತಾಂಗ್ ಕಾಲದ್ದು ಅಂತ ಹೇಳೋ ಹತ್ತು ಸೂತ್ರ ಇದಾವೆ, ಗೆಲುವಿನ ದುರಾಸೆ ಬೇಡ ಅಂತ ಶುರು ಆಗುತ್ತೆ, ಅದರಲ್ಲೊಂದು ಕಲ್ಲು ಬಿಟ್ಕೊಟ್ಟು ಸೆಂತೆ ಹಿಡಿ ಅನ್ನೋದು. ಸದ್ಯಕ್ಕೆ ಅದರ ಮೇಲೆ ಕೂತಿದೀವಿ. ಅರ್ಥ ಪೂರ್ತಿ ಆಗಿದೆ, ಕಾರಣನೂ ಗೊತ್ತು, ಲೆಕ್ಕನೂ ಗೊತ್ತು, ಆದ್ರೆ ಮೂರು ಕಲ್ಲು ಸಿಕ್ಕಾಕ್ಕೊಂಡ್ರೆ ಕೈ ತಾನಾಗೇ ಅದನ್ನ ಉಳಿಸೋಕೆ ಹೋಗುತ್ತೆ, ಉಳಿಸೋಕೆ ಹೋಗಿ ಮೂರು ಆರಾಗುತ್ತೆ, ಆರು ಹತ್ತಾಗುತ್ತೆ, ಕೊನೆಗೆ ಹತ್ತೂ ಹೋಗುತ್ತೆ. ತಾತ ಆಗ ನಾನು ಮೂರು ಕಲ್ಲು ಇದ್ದಾಗ ಬಿಟ್ಟಿದ್ರೆ ಎಲ್ಲಿ ಆಡ್ಬೋದಿತ್ತು ಅಂತ ಆ ದೊಡ್ಡ ಖಾಲಿ ಬದಿ ತೋರಿಸಿ, ಏನೂ ಮಾತಾಡದೇ ಕಲ್ಲೆಲ್ಲ ಬಾಚಿ ಇನ್ನೊಂದು ಆಟಕ್ಕೆ ರೆಡಿ ಆಗ್ತಾರೆ.